ಮತ್ತೆ ಶಾಲೆಗೆ ಹೋಗುವ ದಿನದ ಹೊಟ್ಟೆನೋವು

ಭಾನುವಾರ ಸಂಜೆಯವರೆಗೆ ಚೆನ್ನಾಗಿಯೇ ಆಡಿಕೊಂಡಿದ್ದ ಹುಡುಗನಿಗೆ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹೊಟ್ಟೆ ನೋಯಲಾರಂಭಿಸುತ್ತದೆ. “ಹೊಟ್ಟೆ ನೋಯ್ತೈತೆ ಕಣವ್ವ, ಇವತ್ತೊಂದಿನ ಹೋಗಲ್ಲ” ಎನ್ನುತ್ತಾನೆ. ಅವ್ವ ಹಣೆ ಮುಟ್ಟಿ ನೋಡುತ್ತಾಳೆ, ಜ್ವರವಿಲ್ಲ. ಅಪ್ಪ “ಎಲ್ಲಾ ನಾಟಕ” ಎಂದು ಗದರುತ್ತಾನೆ. ಅಜ್ಜಿ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾಳೆ. ಹತ್ತೂವರೆಯ ಹೊತ್ತಿಗೆ, ಅಂದರೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ನಡೆಯುತ್ತಿರುವಾಗ, ಹುಡುಗ ಜಗಲಿಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿರುತ್ತಾನೆ. ನೋವು ಮಾಯವಾಗಿರುತ್ತದೆ. ಮಂಗಳವಾರ ಬೆಳಿಗ್ಗೆ ಅದು ಮತ್ತೆ ಬರುತ್ತದೆ.

ಈ ಹುಡುಗ ಸುಳ್ಳು ಹೇಳುತ್ತಿದ್ದಾನೆಯೇ? ಇಲ್ಲ. ಹಾಗಾದರೆ ಅವನನ್ನು ಮನೆಯಲ್ಲಿ ಇಟ್ಟುಕೊಂಡದ್ದು ಸರಿಯೇ? ಅದೂ ಅಲ್ಲ. ಈ ಎರಡು ಉತ್ತರಗಳು ಒಂದಕ್ಕೊಂದು ವಿರುದ್ಧವೆಂದು ತೋರುವುದರಿಂದಲೇ ಮನೆಮಂದಿ ಗೊಂದಲಕ್ಕೆ ಬೀಳುತ್ತಾರೆ. ನಮ್ಮ ಮಾತುಕತೆ ಕಾರ್ಯಕ್ರಮಗಳಲ್ಲಿ ಪರೀಕ್ಷೆಯ ಭಯವನ್ನು ಕುರಿತು ಎಷ್ಟೋ ಸಲ ಚರ್ಚೆ ನಡೆದಿದೆ. ಆದರೆ ರಜೆ, ಕಾಯಿಲೆ, ಸುಗ್ಗಿ, ಸಾವು, ನಪಾಸು ಇಂಥ ಯಾವುದಾದರೊಂದು ಕಾರಣದಿಂದ ಕೆಲವು ದಿನ ಶಾಲೆ ತಪ್ಪಿದ ಮೇಲೆ ಮತ್ತೆ ಆ ಬಾಗಿಲು ದಾಟುವ ಭಯವನ್ನು ಕುರಿತು ನಾವು ಅಷ್ಟಾಗಿ ಮಾತಾಡಿಲ್ಲ. ಅರ್ಧ ಗಂಟೆಯ ಪ್ರಸಾರದಲ್ಲಿ ಹೇಳಿ ಮುಗಿಯುವ ಸಂಗತಿಯೂ ಇದಲ್ಲ. ಆದ್ದರಿಂದ ಈ ಪುಟಗಳು.

ಉದಾಹರಣೆಗಳನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ತೆಗೆದುಕೊಂಡಿದ್ದೇನೆ. ಇವು ತುಮಕೂರು ಜಿಲ್ಲೆಗೆ ಸೇರಿದವೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ಎರಡೂ ಹೆಸರುಗಳು ಬೇರೆ ಬೇರೆ ಸಾಲಿನಲ್ಲಿರುವುದನ್ನು ನೀವು ನೋಡಿರುತ್ತೀರಿ. ಮಳೆಯನ್ನೇ ನಂಬಿದ ಬೇಸಾಯ, ಊರಿಂದ ಊರಿಗೆ ದೂರ, ಪಾವಗಡವನ್ನು ಮುಕ್ಕಾಲು ಭಾಗ ಸುತ್ತುವರಿದ ಆಂಧ್ರದ ಗಡಿ, ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳು ಇವೆಲ್ಲ ಇಲ್ಲಿವೆ. ಇಲ್ಲಿ ಹದಿನೈದು ದಿನ ಶಾಲೆ ತಪ್ಪುವುದಕ್ಕೂ ಶಾಲೆಯನ್ನೇ ಬಿಟ್ಟುಬಿಡುವುದಕ್ಕೂ ನಡುವೆ ಇರುವ ಅಂತರ ಬಹಳ ಕಡಿಮೆ. ನಗರದ ಮಗುವಿಗೆ ಆಪ್ತ ಸಲಹೆಗಾರರು ಸಿಗಬಹುದು. ಹಳ್ಳಿಯ ಮಗುವಿಗೆ ಕುರಿ ಕಾಯುವ ಕೆಲಸವೋ ಹೊಲದ ಕೆಲಸವೋ ಸಿಗುತ್ತದೆ. ಹುಡುಗಿಯಾದರೆ ಗಂಡು ನೋಡುವ ಮಾತು ಮನೆಯಲ್ಲಿ ಏಳುತ್ತದೆ.

ಇನ್ನೊಂದು ಕಾರಣವೂ ಇದೆ. ನಾನು ಓದಿದ್ದು ಆ ಕಡೆಯ ಶಾಲೆಯೊಂದರಲ್ಲಿಯೇ. ಎಂಟನೆಯ ತರಗತಿಯಲ್ಲಿದ್ದಾಗ ನನಗೆ ವಿಷಮಶೀತ ಜ್ವರ ಬಂದು ಐದು ವಾರ ಶಾಲೆ ತಪ್ಪಿತು. ಜ್ವರ ಬಿಟ್ಟ ಮೇಲೆ ಇನ್ನೂ ಎರಡು ವಾರ ತಪ್ಪಿತು. ಮೊದಲ ಐದು ವಾರಕ್ಕೆ ಕಾರಣ ರೋಗಾಣು. ಕೊನೆಯ ಎರಡು ವಾರಕ್ಕೆ ಕಾರಣ ಏನೆಂದು ನಾನು ಆಗ ಯಾರಿಗೂ ಹೇಳಲಿಲ್ಲ. ತಲೆಗೂದಲು ಉದುರಿ ಅಲ್ಲಲ್ಲಿ ಬೋಳಾಗಿತ್ತು. ತರಗತಿಯಲ್ಲಿ ಬೀಜಗಣಿತ ಶುರುವಾಗಿತ್ತು. ಕೊನೆಗೂ ಹೋದ ದಿನ ಮೇಷ್ಟ್ರೊಬ್ಬರು “ಏನಪ್ಪಾ ಮಹಾರಾಜ, ದಾರಿ ಗೊತ್ತಾಯ್ತಾ?” ಎಂದರು, ತರಗತಿಯೆಲ್ಲ ನಕ್ಕಿತು. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲವೆಂದು ಈಗ ತಿಳಿಯುತ್ತದೆ. ಆದರೂ ಮರುದಿನ ಬೆಳಿಗ್ಗೆ ನನಗೆ ಹೊಟ್ಟೆ ನೋಯಿತು.

ನೋವು ನಿಜ, ಎಲ್ಲಿಂದ ಬರುತ್ತದೆ?

ನಮ್ಮ ಮೆದುಳಿನ ಒಳಭಾಗದಲ್ಲಿ, ಎಡಬಲ ಎರಡೂ ಕಡೆ, ಬಾದಾಮಿ ಬೀಜದ ಆಕಾರದ ಒಂದು ಪುಟ್ಟ ಭಾಗವಿದೆ. ಅದಕ್ಕೆ ಅಮಿಗ್ಡಲಾ ಎಂದು ಹೆಸರು. ಅಪಾಯವನ್ನು ಗುರುತಿಸಿ ಕೂಗು ಹಾಕುವ ಕೆಲಸದಲ್ಲಿ ಅದಕ್ಕೆ ಮುಖ್ಯ ಪಾತ್ರವಿದೆ. ಹೊಲದ ಬದುವಿನಲ್ಲಿ ನಡೆಯುವಾಗ ಕಾಲ ಬಳಿ ಏನೋ ಸರಿದಂತಾದರೆ, ಅದು ಹಾವೋ ಹಗ್ಗವೋ ಎಂದು ಯೋಚಿಸುವ ಮೊದಲೇ ನೀವು ಹಾರಿ ಹಿಂದೆ ಸರಿದಿರುತ್ತೀರಿ. ಆಮೇಲೆ ನೋಡಿದರೆ ಹಗ್ಗವೇ ಆಗಿರಬಹುದು. ಹತ್ತು ಸಲ ಹಗ್ಗಕ್ಕೆ ಹೆದರಿದರೆ ನಷ್ಟವೇನೂ ಇಲ್ಲ, ಒಂದು ಸಲ ಹಾವನ್ನು ಹಗ್ಗವೆಂದುಕೊಂಡರೆ ಕೆಲಸ ಕೆಟ್ಟಿತು. ಪ್ರಕೃತಿ ಇಟ್ಟಿರುವ ಲೆಕ್ಕ ಇದು.

ಕೂಗು ಬಿದ್ದೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಬೇಗ ಬೇಗ ಬಡಿಯುತ್ತದೆ. ಉಸಿರು ಹೆಚ್ಚುತ್ತದೆ. ಕೈಕಾಲಿನ ದೊಡ್ಡ ಸ್ನಾಯುಗಳಿಗೆ ರಕ್ತ ಹರಿಯುತ್ತದೆ, ಓಡಬೇಕಲ್ಲ! ಆ ರಕ್ತ ಎಲ್ಲಿಂದ ಬರಬೇಕು? ಹೊಟ್ಟೆ ಮತ್ತು ಕರುಳಿನ ಪಾಲಿನಿಂದ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಬೆಕ್ಕುಗಳ ಜೀರ್ಣಕ್ರಿಯೆಯನ್ನು ಎಕ್ಸ್-ರೇ ಮೂಲಕ ಗಮನಿಸುತ್ತಿದ್ದಾಗ, ಬೆಕ್ಕು ಗಾಬರಿಗೊಂಡ ಕೂಡಲೇ ಅದರ ಜಠರದ ಚಲನೆ ನಿಂತುಹೋಗುವುದನ್ನು ಕಂಡರು. ಭಯ ಬಂದಾಗ ದೇಹ ಹೋರಾಟಕ್ಕೋ ಓಟಕ್ಕೋ ಹೇಗೆ ಸಿದ್ಧವಾಗುತ್ತದೆಂಬುದನ್ನು ಅವರು 1915ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸೋಮವಾರದ ಹೊಟ್ಟೆನೋವು, ವಾಕರಿಕೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ತಲೆ ಸುತ್ತಿದಂತಾಗುವುದು ಎಲ್ಲವೂ ಈ ಸಿದ್ಧತೆಯ ಭಾಗಗಳೇ. ಹುಡುಗ ನಾಟಕ ಮಾಡುತ್ತಿಲ್ಲ. ಅವನ ಕರುಳು ನಿಜವಾಗಿಯೂ ಹಿಂಡುತ್ತಿದೆ. ಆದರೆ ಕರುಳಿನಲ್ಲಿ ರೋಗವಿಲ್ಲ.

ಹಾಗೆಂದು ಎಲ್ಲ ಹೊಟ್ಟೆನೋವನ್ನೂ ಭಯದ ಲೆಕ್ಕಕ್ಕೆ ಹಾಕಬಾರದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ವಾಂತಿ, ಭೇದಿ, ತೂಕ ಇಳಿಯುವುದು, ಭಾನುವಾರವೂ ಬಿಡದ ನೋವು ಇವುಗಳಲ್ಲಿ ಯಾವುದಿದ್ದರೂ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಜಂತುಹುಳು, ರಕ್ತಹೀನತೆ ಇದ್ದರೂ ಮಕ್ಕಳು ಸೊರಗುತ್ತಾರೆ.

ಮನೆಯಲ್ಲಿ ಉಳಿದಾಗ ಭಯಕ್ಕೆ ಏನಾಗುತ್ತದೆ?

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಮಾತ್ರ ಸಮಯವಿದ್ದರೆ ಇದನ್ನು ಓದಿ.

“ಹೋಗಲಿ ಬಿಡು, ಇವತ್ತೊಂದಿನ ಬ್ಯಾಡ” ಎಂದು ಅವ್ವ ಹೇಳಿದ ಕ್ಷಣದಲ್ಲಿ ಹುಡುಗನಿಗೆ ಎಂಥ ಹಗುರ! ಎದೆಬಡಿತ ಇಳಿಯಿತು, ಹೊಟ್ಟೆ ಸಡಿಲವಾಯಿತು. ಮೆದುಳು ಇದನ್ನು ಗಮನಿಸುತ್ತದೆ. ‘ಶಾಲೆಗೆ ಹೋಗಬೇಕೆಂದಾಗ ಅಪಾಯವಿತ್ತು, ಹೋಗದೆ ಉಳಿದೆ, ಅಪಾಯ ತಪ್ಪಿತು’ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಶಾಲೆಯಲ್ಲಿ ನಿಜವಾಗಿ ಅಪಾಯವಿತ್ತೇ ಎಂದು ಪರೀಕ್ಷಿಸುವ ಅವಕಾಶವೇ ಅದಕ್ಕೆ ಸಿಗಲಿಲ್ಲ. ಮರುದಿನ ಅದೇ ಕೂಗು ಇನ್ನೂ ಜೋರಾಗಿ, ಇನ್ನೂ ಬೇಗ ಬರುತ್ತದೆ. ಮೊದಲು ಬೆಳಿಗ್ಗೆ ಏಳಕ್ಕೆ ಬರುತ್ತಿದ್ದದ್ದು ಹಿಂದಿನ ರಾತ್ರಿಯೇ ಬರುತ್ತದೆ. ಜತೆಗೆ ಒಂದು ದಿನದ ಪಾಠ ಬಾಕಿಯಾಗುತ್ತದೆ, ‘ಯಾಕೆ ಬರಲಿಲ್ಲ’ ಎಂಬ ಪ್ರಶ್ನೆಗೆ ಹೇಳಬೇಕಾದ ಉತ್ತರ ಒಂದು ದಿನ ಉದ್ದವಾಗುತ್ತದೆ. ಅಂದರೆ ಮೊದಲು ಕಲ್ಪನೆಯದ್ದಾಗಿದ್ದ ಭಯಕ್ಕೆ ಈಗ ನಿಜವಾದ ಕಾರಣಗಳೂ ಸೇರಿಕೊಳ್ಳುತ್ತವೆ. ಸಾಲದ ಮೇಲಿನ ಬಡ್ಡಿಯಂತೆ ಎಂದರೆ ಹಳ್ಳಿಯ ಓದುಗರಿಗೆ ಬೇಗ ಅರ್ಥವಾದೀತು.

ಶಾಲೆಯ ಭಯ ಮನೆಯಲ್ಲಿ ಕುಳಿತು ಕರಗುವುದಿಲ್ಲ. ಅದು ಕರಗುವುದು ಶಾಲೆಯಲ್ಲಿಯೇ. ಕಾರಣ ಸರಳ. ಭಯದ ಅಲೆ ಏರುತ್ತದೆ, ಕೆಲವು ನಿಮಿಷ ಮೇಲೆಯೇ ನಿಲ್ಲುತ್ತದೆ, ಆಮೇಲೆ ತಾನಾಗಿ ಇಳಿಯತೊಡಗುತ್ತದೆ. ದೇಹಕ್ಕೆ ಅಷ್ಟು ಹೊತ್ತು ಅದೇ ಎತ್ತರದಲ್ಲಿ ನಿಲ್ಲಲು ಆಗದು. ಅಲೆ ಇಳಿಯುವವರೆಗೆ ಆ ಜಾಗದಲ್ಲಿದ್ದರೆ ‘ಇಲ್ಲಿ ಕುಳಿತಿದ್ದೆ, ಏನೂ ಆಗಲಿಲ್ಲ’ ಎಂಬ ಹೊಸ ಪಾಠವನ್ನು ಮೆದುಳು ಕಲಿಯುತ್ತದೆ. ಅಲೆ ತುದಿಯಲ್ಲಿರುವಾಗಲೇ ಎದ್ದು ಓಡಿದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ.

ನಮ್ಮ ಸ್ಟುಡಿಯೋದಲ್ಲಿ ಇದನ್ನು ಪ್ರತಿ ವಾರವೂ ನೋಡುತ್ತೇನೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ಪ್ರಾಧ್ಯಾಪಕರಿಗೂ ಕ್ಯಾಮೆರಾದ ಮೇಲಿನ ಕೆಂಪು ದೀಪ ಹತ್ತಿದೊಡನೆ ಗಂಟಲು ಒಣಗುತ್ತದೆ. “ಸ್ವಲ್ಪ ನಿಲ್ಲಿಸಿ, ಇನ್ನೊಂದು ಸಲ ಮಾಡೋಣ” ಎನ್ನುತ್ತಾರೆ. ನಿಲ್ಲಿಸಿದರೆ ಎರಡನೆಯ ಸಲ ಇನ್ನಷ್ಟು ತಡವರಿಸುತ್ತಾರೆ. ಅದಕ್ಕೆ ನಾವು ದೀಪ ಆರಿಸುವುದಿಲ್ಲ. ಒಂದು ಲೋಟ ನೀರು ಕೊಟ್ಟು, “ಬರುವಾಗ ಬಸ್ಸಿನಲ್ಲಿ ರಷ್ ಇತ್ತೇ ಸಾರ್?” ಎಂದು ಕೇಳುತ್ತೇವೆ. ಮೂರು ನಾಲ್ಕು ನಿಮಿಷದಲ್ಲಿ ಅವರ ದನಿ ಸರಿಹೋಗುತ್ತದೆ.

ಇಡೀ ರಾಜ್ಯ ಶಾಲೆಗೆ ಮರಳಿದ ವರ್ಷ

ಇತ್ತೀಚಿನ ಚರಿತ್ರೆಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಈ ಭಯವನ್ನು ಅನುಭವಿಸಿದ ಕಾಲ ಒಂದಿದೆ. ಕೊರೊನಾ ಸೋಂಕಿನಿಂದ 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಊರೂರಿಗೆ ಹೋಗಿ ಮರದ ನೆರಳಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿ.ಯು.ಸಿ.ಗೆ ಬಾಗಿಲು ತೆರೆಯಿತು, ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿತು. ಆಮೇಲೆ ಅದೇ ವರ್ಷ ಆಗಸ್ಟ್ 23ರಂದು 9ರಿಂದ 12ನೆಯ ತರಗತಿಯವರು, ಸೆಪ್ಟೆಂಬರ್ 6ರಂದು 6ರಿಂದ 8ನೆಯ ತರಗತಿಯವರು, ಅಕ್ಟೋಬರ್ 25ರಂದು 1ರಿಂದ 5ನೆಯ ತರಗತಿಯವರು ಶಾಲೆಗೆ ಬಂದರು.

ಲೆಕ್ಕ ಹಾಕಿ ನೋಡಿ. 2020ರ ಮಾರ್ಚಿಯಲ್ಲಿ ಒಂದನೆಯ ತರಗತಿಯ ಬೆಂಚಿನಿಂದ ಎದ್ದ ಮಗು ಮತ್ತೆ ಬೆಂಚಿನ ಮೇಲೆ ಕುಳಿತದ್ದು ಮೂರನೆಯ ತರಗತಿಯಲ್ಲಿ, ಹತ್ತೊಂಬತ್ತು ತಿಂಗಳ ನಂತರ. ಅಷ್ಟರಲ್ಲಿ ಅಕ್ಷರ ಮರೆತಿತ್ತು. ಗೆಳೆಯರ ಹಲ್ಲು ಬಿದ್ದು ಹೊಸ ಹಲ್ಲು ಬಂದಿತ್ತು. ಕೆಲವರ ಮನೆಯಲ್ಲಿ ಅಜ್ಜನೋ ಅಪ್ಪನೋ ಇರಲಿಲ್ಲ. ಆ ಮಗು ಅಂಗಳದಲ್ಲಿ ನಿಂತು ಅತ್ತರೆ ಆಶ್ಚರ್ಯವೇನು? ಮುಂದೆ 2022–23ರಲ್ಲಿ ಇಲಾಖೆ ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲಿ ಬಿಟ್ಟುಹೋದ ಪಾಠಗಳನ್ನು ತುಂಬಿಸುವ ಕಾರ್ಯಕ್ರಮ ಹಮ್ಮಿಕೊಂಡಿತು. ಪಾಠ ತುಂಬಿಸುವುದು ಅಗತ್ಯವೇ. ಅಂದು ಚಿಕ್ಕವರಾಗಿದ್ದವರು ಇಂದು ಹೈಸ್ಕೂಲಿನಲ್ಲಿದ್ದಾರೆ. ಅವರಲ್ಲಿ ಯಾರಾದರೂ ದಸರಾ ರಜೆ ಮುಗಿದ ಮರುದಿನ ಅಕಾರಣವಾಗಿ ಕಳವಳಪಟ್ಟರೆ, ಅದರ ಬೇರು ಆ ಹತ್ತೊಂಬತ್ತು ತಿಂಗಳಲ್ಲಿಯೂ ಇರಬಹುದೆಂಬುದನ್ನು ದೊಡ್ಡವರು ಮರೆಯಬಾರದು.

ಭಯದ ಹಿಂದೆ ಏನಿದೆ?

‘ಶಾಲೆಯ ಭಯ’ ಎಂದು ಒಂದೇ ಮಾತಿನಲ್ಲಿ ಹೇಳುತ್ತೇವಾದರೂ ಒಬ್ಬೊಬ್ಬರದು ಒಂದೊಂದು. ನಾಲ್ಕು ತಾಲ್ಲೂಕುಗಳಲ್ಲಿ ಕಡಲೆಕಾಯಿ ಕೀಳುವ ಕಾಲ ಬಂದರೆ ದೊಡ್ಡ ಹುಡುಗರು ಹೊಲದಲ್ಲಿರುತ್ತಾರೆ. ಎರಡು ವಾರ ಬಿಟ್ಟು ಹೋದರೆ ಗಣಿತದಲ್ಲಿ ಹೊಸ ಅಧ್ಯಾಯ. ಹಿಂದಿನದು ಗೊತ್ತಿಲ್ಲದೆ ಇದು ತಿಳಿಯದು. ಪಾವಗಡದ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು. ರಜೆಯೆಲ್ಲ ತೆಲುಗಿನಲ್ಲಿ ಕಳೆದು ಬಂದ ಮಗುವಿಗೆ ತರಗತಿಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಉತ್ತರ ಹೇಳಬೇಕೆಂದರೆ ನಾಲಿಗೆ ಹಿಂದೆಗೆಯುತ್ತದೆ, ಒಂದು ಪದ ತಪ್ಪಿದರೆ ಹಿಂದಿನ ಬೆಂಚಿನವರು ನಗುತ್ತಾರೆ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಹೊರಗಿರಿಸುವ ರೂಢಿ ಕೆಲವು ಹಟ್ಟಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಅಂಥ ಹುಡುಗಿಗೆ ಪ್ರತಿ ತಿಂಗಳೂ ಒಂದು ‘ಮತ್ತೆ ಶಾಲೆಗೆ ಹೋಗುವ ದಿನ’ ಇರುತ್ತದೆ. ಕಾರಣ ಕೇಳಿದರೆ ಅವಳು ಎಲ್ಲರೆದುರು ಏನೆಂದು ಹೇಳಬೇಕು?

ನಪಾಸಾದವರ ಸಂಕಟ ಬೇರೆ. ಜತೆಗಿದ್ದವರು ಕಾಲೇಜಿಗೆ ಹೋಗುತ್ತಿರುವಾಗ ಹಳೆಯ ಹೈಸ್ಕೂಲಿಗೆ ಹೋಗಿ ಮೇಷ್ಟ್ರನ್ನು ಕಾಣುವುದು ನಾಚಿಕೆ. 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಬಂದಿರುವುದರಿಂದ ಈ ನಾಚಿಕೆಗೆ ಕೊಡಬೇಕಾದ ಬೆಲೆ ಈಗ ಕಡಿಮೆ. ಆದರೆ ಅರ್ಜಿ ತುಂಬಲಿಕ್ಕಾದರೂ ಶಾಲೆಯ ಮೆಟ್ಟಿಲು ಹತ್ತಲೇಬೇಕು.

ಇನ್ನು ಕೆಲವರಿಗೆ ಭಯ ಶಾಲೆಯದ್ದೇ ಅಲ್ಲ. ಅಮೆರಿಕದ ಮನೋವೈದ್ಯೆ ಅಡಿಲೇಡ್ ಜಾನ್ಸನ್ ಮತ್ತು ಸಂಗಡಿಗರು 1941ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದಾಗ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದರು. ಎಷ್ಟೋ ಮಕ್ಕಳಿಗೆ ಶಾಲೆಗೆ ಹೋಗುವುದಕ್ಕಿಂತ ತಾಯಿಯನ್ನು ಬಿಟ್ಟು ಹೋಗುವುದೇ ಕಷ್ಟವಾಗಿರುತ್ತದೆ. ಅವ್ವನಿಗೆ ಕಾಯಿಲೆ, ಅಪ್ಪನಿಗೆ ಕುಡಿತ, ಮನೆಯಲ್ಲಿ ದಿನವೂ ಜಗಳ ಎಂದಿಟ್ಟುಕೊಳ್ಳಿ. ‘ನಾನಿಲ್ಲದಾಗ ಏನಾದರೂ ಆದರೆ’ ಎಂಬ ಚಿಂತೆಯಿಂದ ಮಗು ಮನೆಯನ್ನು ಕಾವಲು ಕಾಯುತ್ತದೆ. ಹಾಸ್ಟೆಲಿಗೆ ಮರಳುವ ಮಕ್ಕಳಲ್ಲಿ ಇದು ಹೆಚ್ಚು. ಇವರಿಗೆ ‘ಶಾಲೆಯಲ್ಲಿ ಹೆದರುವಂಥದ್ದು ಏನೂ ಇಲ್ಲ’ ಎಂದು ನೂರು ಸಲ ಹೇಳಿ ಪ್ರಯೋಜನವಿಲ್ಲ, ಅವರು ಹೆದರಿರುವುದು ಅದಕ್ಕಲ್ಲ. ಮಧ್ಯಾಹ್ನ ಒಂದು ಫೋನ್ ಮಾಡಿ ಅವ್ವನ ದನಿ ಕೇಳಲು ವಾರ್ಡನ್ ಅವಕಾಶ ಕೊಟ್ಟರೆ ಅರ್ಧ ಭಯ ಹೋಗುತ್ತದೆ.

ಕೂಗು ನಿಜವಾದಾಗ

ಒಂದು ವಿಷಯದಲ್ಲಿ ಎಚ್ಚರ ಬೇಕು. ಕೆಲವು ಸಲ ಹಗ್ಗವಲ್ಲ, ಹಾವೇ ಇರುತ್ತದೆ.

2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ ಕಿಕ್ಕಿರಿದ ಖಾಸಗಿ ಬಸ್ಸೊಂದು ಪಳವಳ್ಳಿ ಬಳಿ ಉರುಳಿ ವಿದ್ಯಾರ್ಥಿಗಳು ಸೇರಿದಂತೆ ಹಲವರು ಸತ್ತರು, ಅನೇಕರು ಗಾಯಗೊಂಡರು. ಅಂಥ ಘಟನೆಯ ನಂತರ ಅದೇ ದಾರಿಯಲ್ಲಿ ಬಸ್ಸು ಹತ್ತಬೇಕಾದ ಹುಡುಗಿಯ ಎದೆ ನಡುಗಿದರೆ ಅದನ್ನು ಮನಸ್ಸಿನ ದೌರ್ಬಲ್ಯವೆನ್ನುವಂತಿಲ್ಲ. ಅಲ್ಲಿ ಉಸಿರಾಟದ ವ್ಯಾಯಾಮ ಎರಡನೆಯ ಮಾತು. ಬಾಗಿಲಲ್ಲಿ ನೇತಾಡದೆ, ಟಾಪ್ ಮೇಲೆ ಕೂರದೆ ಹೋಗಲು ಸಾಕಾಗುವಷ್ಟು ಬಸ್ಸು ಇರಬೇಕಾದದ್ದು ಮೊದಲ ಮಾತು.

ಹಾಗೆಯೇ ಹೊಡೆಯುವ ಶಿಕ್ಷಕರು, ದಾರಿಯಲ್ಲಿ ಅಡ್ಡಗಟ್ಟುವ ಪುಂಡರು, ಮೈಮುಟ್ಟುವ ದೊಡ್ಡವರು, ಬೀಗ ಹಾಕಿದ ಅಥವಾ ನೀರಿಲ್ಲದ ಶೌಚಾಲಯ ಇವು ಯಾವುವೂ ಕಲ್ಪನೆಯ ಭಯಗಳಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸುತ್ತದೆ. ಲೈಂಗಿಕ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ಇಂಥದ್ದು ನಡೆದಿದ್ದರೆ ಧೈರ್ಯ ತಂದುಕೊಳ್ಳಬೇಕಾದವರು ನೀವಲ್ಲ, ಕ್ರಮ ಕೈಗೊಳ್ಳಬೇಕಾದವರು ದೊಡ್ಡವರು. ನೀವು ಮಾಡಬೇಕಾದದ್ದು ನಂಬುವ ಒಬ್ಬರಿಗೆ ಹೇಳುವುದು. ಅವರು ಕೇಳದಿದ್ದರೆ ಇನ್ನೊಬ್ಬರಿಗೆ. ಯಾರೂ ಇಲ್ಲವೆನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಅದಕ್ಕೆ ಹಣ ತೆರಬೇಕಾಗಿಲ್ಲ.

ನಿಮ್ಮ ಭಯ ಯಾವ ಜಾತಿಯದೆಂದು ತಿಳಿಯಲು ಒಂದು ಸುಲಭ ಉಪಾಯ ಹೇಳುತ್ತೇನೆ. ‘ನನಗೆ ಶಾಲೆ ಭಯ’ ಎಂದು ಬರೆಯಬೇಡಿ. ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಮನೆಗೆ ಬರುವವರೆಗಿನ ದಿನವನ್ನು ಒಂದು ಹಾಳೆಯಲ್ಲಿ ಬರೆಯಿರಿ: ಬಸ್ ಸ್ಟಾಪ್, ಬಸ್ಸು, ಗೇಟು, ಪ್ರಾರ್ಥನೆ, ಹಾಜರಿ, ಒಂದೊಂದು ಪೀರಿಯಡ್, ಬಿಸಿಯೂಟ, ಆಟ, ವಾಪಸು. ಪ್ರತಿಯೊಂದರ ಮುಂದೆ ಹತ್ತಕ್ಕೆ ಎಷ್ಟು ಭಯ ಎಂದು ಅಂಕ ಹಾಕಿ. ಒಂದು ಪೀರಿಯಡ್‌ಗೆ ಒಂಬತ್ತು, ಮಿಕ್ಕದ್ದಕ್ಕೆಲ್ಲ ಎರಡು, ಮೂರು ಬಂದೀತು. ಇಡೀ ಶಾಲೆಗೆ ಹರಡಿಕೊಂಡಿದ್ದ ಭಯ ನಲವತ್ತು ನಿಮಿಷಕ್ಕೆ ಇಳಿಯುತ್ತದೆ.

ಪೀಟರ್ ಮತ್ತು ಮೊಲ

ಇನ್ನು ಮರಳುವುದು ಹೇಗೆ? 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಪೀಟರ್ ಎಂಬ ಮೂರು ವರ್ಷವೂ ತುಂಬದ ಮಗುವಿನ ಕಥೆಯನ್ನು ಪ್ರಕಟಿಸಿದರು. ಅವನಿಗೆ ಮೊಲವೆಂದರೆ ಭಯ. ಅವರು ಅವನಿಗೆ ಉಪದೇಶ ಮಾಡಲಿಲ್ಲ, ಮೊಲವನ್ನು ತಂದು ಮಡಿಲಲ್ಲಿ ಹಾಕಲೂ ಇಲ್ಲ. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ಕೋಣೆಯಲ್ಲಿ ದೂರದಲ್ಲಿಟ್ಟರು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನು ಜತೆಗೆ ಬಿಟ್ಟರು. ನಡುವೆ ಪೀಟರ್‌ಗೆ ಕಾಯಿಲೆ ಬಂದು ಕೆಲವು ವಾರ ತಪ್ಪಿ, ಭಯ ಮರುಕಳಿಸಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಕೊನೆಗೆ ಅವನು ಮೊಲವನ್ನು ತಾನೇ ಮುದ್ದಿಸಿದ.

ಭಯದ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಮುಖ್ಯ ವಿಧಾನದ ಬೇರು ಇದೇ. ಮಧುಗಿರಿಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದ ಆ ಏಕಶಿಲಾ ಬೆಟ್ಟವನ್ನು ಊರಿನಿಂದ ನೋಡಿದರೆ ಯಾರೂ ಹತ್ತಲಾರರು ಎನಿಸುತ್ತದೆ. ಹತ್ತುವವರು ಬೆಟ್ಟವನ್ನು ಹತ್ತುವುದಿಲ್ಲ, ಬಂಡೆಯಲ್ಲಿ ಕೊರೆದ ಮುಂದಿನ ಮೆಟ್ಟಿಲನ್ನು ಹತ್ತುತ್ತಾರೆ, ಕಡಿದಾದಲ್ಲಿ ಕಬ್ಬಿಣದ ಸರಳು ಹಿಡಿದುಕೊಳ್ಳುತ್ತಾರೆ.

ಶಾಲೆಗೆ ಇದನ್ನು ಹೀಗೆ ಅನ್ವಯಿಸಬಹುದು. ಶನಿವಾರವೋ ಭಾನುವಾರವೋ ಸಂಜೆ ಐದಕ್ಕೆ, ಯಾರೂ ಇಲ್ಲದಾಗ, ಒಬ್ಬ ಗೆಳೆಯನ ಜತೆ ಶಾಲೆಯ ಮೈದಾನಕ್ಕೆ ಹೋಗಿ ಸ್ವಲ್ಪ ಹೊತ್ತು ಆಡಿ. ಸೋಮವಾರದ ಮೊದಲೇ ಒಬ್ಬ ಶಿಕ್ಷಕರನ್ನು, ನಿಮಗೆ ಕಡಿಮೆ ಭಯವಿರುವವರನ್ನು, ಕಂಡು ‘ಸಾರ್, ಇಷ್ಟು ದಿನ ಬಂದಿರಲಿಲ್ಲ, ನಾಳೆಯಿಂದ ಬರ್ತೀನಿ, ತರಗತಿಯಲ್ಲಿ ಕಾರಣ ಕೇಳಬೇಡಿ’ ಎಂದು ಹೇಳಿ. ಅಪ್ಪನೋ ಅಣ್ಣನೋ ಹೇಳಿದರೂ ಆಗುತ್ತದೆ. ನನ್ನ ಅನುಭವದಲ್ಲಿ ಇದೊಂದೇ ಮಾತು ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ನನಗದು ಎಂಟನೆಯ ತರಗತಿಯಲ್ಲಿ ಹೊಳೆದಿರಲಿಲ್ಲ. ಪೂರ್ತಿ ದಿನ ಕಷ್ಟವೆನಿಸಿದರೆ ಮೊದಲ ದಿನ ಬೆಳಗಿನಿಂದ ಬಿಸಿಯೂಟದವರೆಗೆ ಇರಿ. ಪೀಟರ್‌ಗೆ ತಿಂಡಿ ಇದ್ದಂತೆ ನಿಮಗೆ ಗೆಳೆಯರ ಜತೆಯ ಊಟ. ಆದರೆ ಅರ್ಧ ದಿನವೆಂಬುದು ಮೆಟ್ಟಿಲು, ಅದೇ ಮನೆಯಲ್ಲ. ಒಂದು ವಾರದೊಳಗೆ ಪೂರ್ತಿ ದಿನಕ್ಕೆ ಬರಬೇಕೆಂದು ಮೊದಲೇ ಮಾತಾಗಿರಲಿ. ಮನೆಯಲ್ಲಿ ಉಳಿಯಲೇಬೇಕಾದ ದಿನ ಶಾಲೆಯ ವೇಳೆಯಲ್ಲಿ ಟಿ.ವಿ., ಮೊಬೈಲು ಬೇಡ (ದೂರದರ್ಶನದವನೇ ಟಿ.ವಿ. ಆರಿಸಿ ಎನ್ನುತ್ತಾನಲ್ಲ ಎಂದು ನಗಬೇಡಿ). ಮನೆ ಹಬ್ಬದಂತಾದರೆ ಯಾರು ತಾನೆ ಶಾಲೆಗೆ ಹೋಗುತ್ತಾರೆ?

ಗೇಟಿನ ಬಳಿ ಎದೆ ಬಡಿದುಕೊಂಡರೆ ಉಸಿರಿನ ಕಡೆ ಗಮನ ಕೊಡಿ. ಮನಸ್ಸಿನಲ್ಲಿ ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಸ್ವಲ್ಪ ತಗ್ಗುತ್ತದೆ. ಅದಕ್ಕೇ ಬಿಡುವ ಹೊತ್ತು ಉದ್ದವಾಗಿರಬೇಕು. ಐದು ನಿಮಿಷ ಸಾಕು. ಇದರಿಂದ ಭಯ ಪೂರ್ತಿ ಹೋಗುವುದಿಲ್ಲ, ಗೇಟು ದಾಟುವಷ್ಟು ತಗ್ಗುತ್ತದೆ. ಬಾಕಿ ಪಾಠಗಳ ವಿಷಯ: ಎಲ್ಲ ವಿಷಯದ ಎಲ್ಲ ನೋಟ್ಸನ್ನೂ ಒಂದೇ ರಾತ್ರಿ ಬರೆಯಲು ಕೂರಬೇಡಿ. ಇಂದಿನ ಪಾಠ ಇಂದೇ, ಹಳೆಯದು ದಿನಕ್ಕೊಂದು. ಗಣಿತ, ಇಂಗ್ಲಿಷ್ ಮೊದಲು, ಅವುಗಳಲ್ಲಿ ಒಂದರ ಮೇಲೊಂದು ಕಟ್ಟಿಕೊಂಡಿರುತ್ತದೆ. ಸಮಾಜ ವಿಜ್ಞಾನ ಸ್ವಲ್ಪ ಕಾಯಬಲ್ಲದು.

ಇಷ್ಟೆಲ್ಲ ಮಾಡಿಯೂ ಎರಡು ಮೂರು ವಾರ ಹೋಗಲಾಗದಿದ್ದರೆ, ನಿದ್ದೆ ಊಟ ಕೆಟ್ಟರೆ, ಯಾವುದರಲ್ಲೂ ಆಸೆಯಿಲ್ಲದಂತಾದರೆ, ಬದುಕುವುದೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದರೆ ತಡಮಾಡಬಾರದು. 14416 ಎಂಬುದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಏನು ಹೇಳಬೇಕೆಂದು ತೋಚದಿದ್ದರೆ ‘ನನಗೆ ಶಾಲೆಗೆ ಹೋಗಲು ಆಗುತ್ತಿಲ್ಲ’ ಎಂದಷ್ಟೇ ಹೇಳಿ, ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮೊದಲು ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಹೊರಗಿನಿಂದ ವೈದ್ಯರು ಬಂದು ನೋಡುವ ವ್ಯವಸ್ಥೆ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗುವ ಪ್ರಮೇಯ ಬಾರದು.

ಇಲ್ಲಿಯವರೆಗೆ ಮರಳುವವರಿಗೆ ಹೇಳಿದೆ. ಈ ಪುಟವನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಮೊದಲೇ ತರಗತಿಯಲ್ಲಿ ಕುಳಿತಿರುವವರು. ನಾನು ಹೋದ ದಿನ ಎಲ್ಲರೂ ನಕ್ಕಾಗ, ಪಕ್ಕದಲ್ಲಿದ್ದ ಹುಡುಗನೊಬ್ಬ ನಗದೆ ತನ್ನ ಗಣಿತದ ನೋಟ್‌ಬುಕ್ಕನ್ನು ಬೆಂಚಿನ ಕೆಳಗಿನಿಂದ ನನ್ನ ಕಡೆ ತಳ್ಳಿದ್ದ. ಮೂರನೆಯ ದಿನ ನಾನು ಶಾಲೆಗೆ ಹೋದದ್ದು ಆ ಪುಸ್ತಕ ವಾಪಸು ಕೊಡಬೇಕಲ್ಲ ಎಂದು. ಬಹಳ ದಿನದ ಮೇಲೆ ಯಾರಾದರೂ ನಿಮ್ಮ ತರಗತಿಗೆ ಬಂದರೆ ‘ಯಾಕೋ ಇಷ್ಟು ದಿನ ಬರಲಿಲ್ಲ?’ ಎಂದು ಕೇಳುವ ಬದಲು ‘ಯಾವ ಪಾಠದಿಂದ ನೋಟ್ಸ್ ಬೇಕು?’ ಎಂದು ಕೇಳಿ ನೋಡಿ.